ಕರೆ ಬಿದ್ದ ಪುಟಗಳ ಹರಾಜು

ಕಳ್ಳಮಾಲು ಮಾರಿ ಸಿಕ್ಕಿಬಿದ್ದವನ ಹಾಗೆ ಇದನ್ನು ಬರೆಯುತ್ತಿದ್ದೇನೆ. ಮಾರಿದ್ದು ಕಳ್ಳಮಾಲಲ್ಲ, ನಮ್ಮ ಮನೆಯದೇ. ದೊಡ್ಡಪ್ಪನ ಟ್ರಂಕಿನಲ್ಲಿದ್ದ ಹಳೆಯ ಪತ್ರಿಕೆಗಳು. 1970-80ರ ದಶಕಗಳಲ್ಲಿ ನಮ್ಮ ಹುಡುಗರು ಹೊಟ್ಟೆ ಬಟ್ಟೆ ಕಟ್ಟಿ, ಹಾಸ್ಟೆಲಿನ ಸ್ಕಾಲರ್‌ಶಿಪ್ ದುಡ್ಡು ಸೇರಿಸಿ ಅಚ್ಚು ಹಾಕಿಸಿದ ಸಣ್ಣ ಪತ್ರಿಕೆಗಳು. ಅದರಲ್ಲಿ 14 ಸಂಚಿಕೆಗಳನ್ನು 2023ರಲ್ಲಿ ಆನ್‌ಲೈನ್ ಹರಾಜಿಗೆ ಹಾಕಿದೆ. 9,400 ರೂಪಾಯಿ ಬಂತು. ಆ ದುಡ್ಡು ನನ್ನ ಬಿ.ಎಡ್. ಫೀಸಿಗೆ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬೈಯಲು ಹೊರಟವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ಮಿಕ್ಕವರು ಕಾಯಬೇಕು, ಅವರ ಸರದಿಯೂ ಬರುತ್ತದೆ.

ಹರಾಜು ನಮ್ಮ ಜನಕ್ಕೆ ಹೊಸದಲ್ಲ. ಕೊಡಗಿನಲ್ಲಿ ಡಿಪೋದ ನಾಟಾ ಹರಾಜಾಗುತ್ತದೆ. ಪಂಚಾಯಿತಿಯಲ್ಲಿ ಸಂತೆಯ ಸುಂಕ ಎತ್ತುವ ಹಕ್ಕು ಹರಾಜಾಗುತ್ತದೆ. ಅಡವಿಟ್ಟ ಅವ್ವನ ಓಲೆಯನ್ನು ವಾಯಿದೆಯೊಳಗೆ ಬಿಡಿಸಿಕೊಳ್ಳದಿದ್ದರೆ ಅದೂ ಹರಾಜಿಗೆ ಹೋಗುತ್ತದೆ. ಮರ್ಯಾದೆ ಹೋದರೂ ನಾವು ಅನ್ನುವುದು ‘ಮಾನ ಹರಾಜಾಯ್ತು’ ಅಂತಲೇ. ಆ ಹರಾಜುಗಳಲ್ಲಿ ಸವಾಲು ಕೂಗುವವನ ಮುಖವಾದರೂ ಕಾಣುತ್ತಿತ್ತು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನುವಾಗ ಅವನ ಗಂಟಲಿನ ನರ ಉಬ್ಬುವುದು ಕಾಣುತ್ತಿತ್ತು. ಈಗಿನ ಹರಾಜಿಗೆ ಮುಖವೂ ಇಲ್ಲ, ಗಂಟಲೂ ಇಲ್ಲ.

ಗೊತ್ತಿಲ್ಲದವರಿಗೆ ವಿವರ ಹೇಳುತ್ತೇನೆ, ಮುಖ್ಯವಾಗಿ ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ. ನಿಮ್ಮ ಶಾಲೆಯ ಬೀರುವಿನ ಮೇಲೂ ಇಂಥದೊಂದು ಕಟ್ಟು ಧೂಳು ಹಿಡಿಯುತ್ತಾ ಬಿದ್ದಿರಬಹುದು. ಈಬೇ ಎಂಬ ಅಮೆರಿಕದ ಕಂಪನಿಯ ಇಂಡಿಯಾದ ಅಂಗಡಿ 2018ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಬಾಗಿಲು ಹಾಕಿದರೆ ವ್ಯಾಪಾರ ನಿಲ್ಲುತ್ತದೆಯೆ? ನಾಣ್ಯ, ಅಂಚೆಚೀಟಿ, ಹಳೇ ಕಾಗದ ಹರಾಜು ಹಾಕುವ ಕಂಪನಿಗಳ ವೆಬ್‌ಸೈಟುಗಳಿವೆ. ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ ಗುಂಪುಗಳಿವೆ. ನಾನು ಮಾರಿದ್ದು ಅಂಥದೊಂದು ಗುಂಪಿನಲ್ಲಿ. ಮುಖಪುಟದ ಫೋಟೋ ಹಾಕಬೇಕು. ಯಾವ ವರ್ಷ, ಯಾವ ಸಂಚಿಕೆ, ಪುಟ ಎಷ್ಟು, ಹುಳು ಹೊಡೆದಿದೆಯೆ, ಪಿನ್ನು ತುಕ್ಕು ಹಿಡಿದಿದೆಯೆ ಬರೆಯಬೇಕು. ಮೂಲ ಬೆಲೆ 200 ಅಂದರೆ ಅಲ್ಲಿಂದ ಸವಾಲು ಶುರು. ಒಂದೊಂದು ಸವಾಲಿಗೆ ಕನಿಷ್ಠ 50 ರೂಪಾಯಿ ಏರಿಸಬೇಕು. ರಾತ್ರಿ 10ಕ್ಕೆ ಬಂದ್. ಪೋಸ್ಟಿನ ಖರ್ಚು ಕೊಂಡವನದು. ಹಗಲೆಲ್ಲ ಒಬ್ಬನೂ ಬಾಯಿ ಬಿಡುವುದಿಲ್ಲ. ಅದು ಅವರ ಜಾಣತನ. ಮೊದಲೇ ಆಸೆ ತೋರಿಸಿದರೆ ಬೆಲೆ ಏರಿಬಿಡುತ್ತದಲ್ಲ! 9 ಗಂಟೆ 58 ನಿಮಿಷಕ್ಕೆ ಮೊಬೈಲಿಗೆ ಜ್ವರ ಬಂದ ಹಾಗೆ ನಡುಕ ಶುರುವಾಗುತ್ತದೆ. ಎರಡು ನಿಮಿಷದಲ್ಲಿ ಎಲ್ಲ ಮುಗಿದು, ಒಬ್ಬ ಗೆದ್ದ, ಒಬ್ಬ ಸೋತ, ನಾನು ಲೈನ್ ಮನೆಯ ಬಾಗಿಲಲ್ಲಿ ಸಿಗ್ನಲ್ಲಿಗಾಗಿ ಕೈ ಮೇಲೆತ್ತಿ ನಿಂತಿದ್ದೆ.

ಪತ್ರಿಕೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದರ ಬೆಲೆ ಇನ್ನೂ ಏರುತ್ತದೆ, ನಮಗೆ ಇನ್ನೂ ದೂರವಾಗುತ್ತದೆ. ಮುಖಪುಟದ ಮೂಲೆಯಲ್ಲಿ ‘ಬೆಲೆ 50 ಪೈಸೆ’ ಅಂತ ಅಚ್ಚಾಗಿತ್ತು ಎಂದಷ್ಟೆ ಹೇಳುತ್ತೇನೆ. ಲೆಕ್ಕ ಹಾಕಿ: 14 ಸಂಚಿಕೆ, 7 ರೂಪಾಯಿ ಮಾಲು.

ಗುಂಪಿನವರ ಭಾಷೆ ಕೇಳಬೇಕು ನೀವು. ‘ವಿಂಟೇಜ್’, ‘ರೇರ್’, ‘ಎಕ್ಸಲೆಂಟ್ ಕಂಡೀಶನ್’. ಒಬ್ಬ ನನ್ನ ಕಟ್ಟಿಗೆ ‘ದಲಿತ್ ಇಂಟರೆಸ್ಟ್’ ಎಂದು ತಲೆಬರಹ ಕೊಟ್ಟ. ನಮಗೆ ಗೊತ್ತಿರುವ ಇಂಟರೆಸ್ಟ್ ಒಂದೇ, ಬಡ್ಡಿ. ಅಪ್ಪ ಕಟ್ಟಿದ್ದು, ತಾತ ಕಟ್ಟಿದ್ದು, ಕಟ್ಟಿ ಮುಗಿಯದೇ ಇದ್ದದ್ದು. ಈಗ ನಮ್ಮ ಸಿಟ್ಟಿನ ಮೇಲೂ ಯಾರಿಗೋ ಬಡ್ಡಿ ಹುಟ್ಟುತ್ತಿದೆ ಅಂದುಕೊಂಡೆ.

ಆದರೆ ನನ್ನನ್ನು ಕೊಂದದ್ದು ‘ಕಂಡೀಶನ್’ ಎಂಬ ಮಾತು. ನನ್ನ ಸಂಚಿಕೆಗಳಲ್ಲಿ ಅರ್ಧದಷ್ಟಕ್ಕೆ ‘ಪೂರ್’ ಅಂತ ಷರಾ ಬಿತ್ತು. ಯಾಕೆ? ಒಂದರ ಮೇಲೆ ಸೀಮೆಎಣ್ಣೆ ಬುಡ್ಡಿಯ ಮಸಿ. ಒಂದರ ಅಂಚಿಗೆ ಕಾಫಿ ಹಣ್ಣಿನ ರಸದ ಕರೆ, ಹಣ್ಣು ಕುಯ್ದ ಕೈಯಲ್ಲೇ ಹಿಡಿದು ಓದಿದ್ದಾರೆ. ಒಂದರ ನಡುವಿನ ಮಡಿಕೆ ಸವೆದು ಎರಡು ತುಂಡಾಗಿತ್ತು, ಜೇಬಿನಲ್ಲಿಟ್ಟು ತೋಟದಿಂದ ತೋಟಕ್ಕೆ ಒಯ್ದಿದ್ದರಿಂದ. ಹೀಗೆ ಓದಿಸಿಕೊಂಡದ್ದೆಲ್ಲ ‘ಪೂರ್’. ಯಾರೂ ಮುಟ್ಟದೆ, ಯಾರೂ ಬಿಚ್ಚದೆ, ಕಟ್ಟಿನಲ್ಲೇ ಉಳಿದುಹೋದ ಒಂದು ಸಂಚಿಕೆ ಇತ್ತು. ಅದಕ್ಕೇ ಎಲ್ಲಕ್ಕಿಂತ ಹೆಚ್ಚು, 1,850 ರೂಪಾಯಿ ಬಂತು. ಅದೊಂದು ಮಿಕ್ಕುಳಿದ ಪ್ರತಿ, ಯಾರಿಗೂ ತಲುಪದೇ ಸೋತ ಪ್ರತಿ. ಸೋತ ಪ್ರತಿಗೆ ಬಹುಮಾನ!

ಈ ಲೆಕ್ಕವನ್ನು ಅವ್ವನಿಗೆ ಹೇಳಿದೆ. ಅವ್ವನಿಗೆ ಓದು ಬರದು. ಕಾಫಿ ತೋಟದಲ್ಲಿ 30 ವರ್ಷ ದುಡಿದ ಕೈ. ಒಲೆ ಮುಂದೆ ಕೂತು ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದಳು: “ಓದಿದ್ ಬುಕ್ಕಿಗೆ ರೇಟು ಕಮ್ಮಿ, ಓದ್ದೇ ಇದ್ದದ್ದಕ್ಕೆ ಜಾಸ್ತೀನಾ? ಅದ್ಯಾವ್ ಸೀಮೆ ಲೆಕ್ಕ ಮಗ?”

ನನ್ನ ಬಿ.ಎ. ಪದವಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ದೊಡ್ಡಪ್ಪನ ವಿಷಯ ಹೇಳಬೇಕು. ನಮ್ಮವರು ಹೆಗ್ಗಡದೇವನಕೋಟೆ ಕಡೆಯಿಂದ ತೋಟದ ಕೂಲಿಗೆ ಬಂದು ಸಿದ್ದಾಪುರದ ಸುತ್ತ ಲೈನ್ ಮನೆಗಳಲ್ಲಿ ನಿಂತವರು. ದೊಡ್ಡಪ್ಪ ಓದಿದ್ದು ಏಳನೇ ಕ್ಲಾಸು. ಮೈಸೂರಿನ ಬಸ್ಸಿನಲ್ಲಿ ತಿಂಗಳಿಗೊಮ್ಮೆ ಹತ್ತು ಪ್ರತಿಗಳ ಕಟ್ಟು ಬರುತ್ತಿತ್ತಂತೆ. ಕಂಡಕ್ಟರ್ ಪುಣ್ಯಾತ್ಮ ಸೀಟಿನ ಕೆಳಗೆ ಇಟ್ಟುಕೊಂಡು ತಂದು ಕೊಡುತ್ತಿದ್ದ. ಐದೇ ಪ್ರತಿ ಮಾರಾಟ, ಮಿಕ್ಕ ಐದು ಸುತ್ತಾಟ. ಪಾಲಿಬೆಟ್ಟ, ಅಮ್ಮತ್ತಿ, ಮಾಲ್ದಾರೆ, ಚೆನ್ನಯ್ಯನಕೋಟೆ, ಹೊಳೆ ದಾಟಿ ನೆಲ್ಯಹುದಿಕೇರಿ. ಒಬ್ಬ ಓದುವುದು, ಹದಿನೈದು ಜನ ಕೇಳುವುದು. ಯಾರು ಒಯ್ದರು ಎಂದು ಮುಖಪುಟದ ಹಿಂಬದಿಯಲ್ಲಿ ದೊಡ್ಡಪ್ಪ ಹೆಸರು ಬರೆದಿಡುತ್ತಿದ್ದರು, ಕೆಲವು ಪೆನ್ಸಿಲಿನಲ್ಲಿ, ಕೆಲವು ಇಂಕಿನಲ್ಲಿ. ವಾಪಸು ಬಂದರೆ ಹೆಸರಿನ ಮುಂದೆ ಒಂದು ಗೀಟು. ಅದೇ ನಮ್ಮ ಲೈನಿನ ಗ್ರಂಥಾಲಯದ ರಿಜಿಸ್ಟರು. ಓದು ಬಾರದವರ ಹೆಸರೂ ಅದರಲ್ಲಿತ್ತು, ಮಕ್ಕಳ ಕೈಲಿ ಓದಿಸಿಕೊಳ್ಳಲು ಒಯ್ದವರು.

ಅದು ಎಂಥ ಕಾಲ ಎಂದು ಇಂದಿನ ಹುಡುಗರಿಗೆ ನೆನಪಿಸಬೇಕು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಆ ಒಂದು ಮಾತಿಗೆ ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು, ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು. ಏಟು ತಿಂದವರು ಸುಮ್ಮನಿರಲಿಲ್ಲ. ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತು. ಮೈಸೂರಿನಿಂದ ‘ಪಂಚಮ’ ಹೊರಟಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಲಿಲ್ಲ, ಆ ಸಿಟ್ಟಿಗೆ ಅದೇ ವರ್ಷ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಇವರ ಕೈಯಲ್ಲಿದ್ದದ್ದು ಸರ್ಕಾರವಲ್ಲ, ಪೀಠವಲ್ಲ, ಮಠವಲ್ಲ. ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನಿನಲ್ಲಿ ಒತ್ತಿದ ಹದಿನಾರು ಇಪ್ಪತ್ತು ಪುಟ, ಅಷ್ಟೆ. ನ್ಯೂಸ್‌ಪ್ರಿಂಟು ಕಾಗದ. ಹತ್ತು ವರ್ಷಕ್ಕೆ ಹಳದಿ, ನಲವತ್ತು ವರ್ಷಕ್ಕೆ ಹಪ್ಪಳ. ಉಳಿಯಲಿ ಎಂದು ಮಾಡಿದ ವಸ್ತುವೇ ಅಲ್ಲ ಅದು. ಕೈಯಿಂದ ಕೈಗೆ ಹೋಗಿ ಸವೆದು ಸಾಯಲಿ ಎಂದು ಮಾಡಿದ್ದು.

ದೊಡ್ಡಪ್ಪನ ಟ್ರಂಕಿನಲ್ಲಿ ಅರವತ್ತಕ್ಕೂ ಮಿಕ್ಕಿ ಇದ್ದವು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳು ಹೋದಾಗ ಟ್ರಂಕಿಗೂ ನೀರು ನುಗ್ಗಿತು. ಪರಿಹಾರ ಕೇಂದ್ರ ಮಾಡಿದ್ದ ಶಾಲೆಯ ಬೆಂಚುಗಳ ಮೇಲೆ ದೊಡ್ಡಪ್ಪ ಪುಟಗಳನ್ನು ಹರಡಿಕೊಂಡು ಕೂತಿದ್ದರು. ಜನ ಅಕ್ಕಿ, ಕಂಬಳಿ, ರೇಷನ್ ಕಾರ್ಡು ಹುಡುಕುತ್ತಿದ್ದಾಗ ಈ ಮುದುಕ ಒದ್ದೆ ಕಾಗದಕ್ಕೆ ಗಾಳಿ ಬೀಸುತ್ತಿದ್ದ. ನನಗೆ ನಾಚಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ. 37 ಉಳಿದವು. 2023ರ ಫೆಬ್ರವರಿಯಲ್ಲಿ ದೊಡ್ಡಪ್ಪ ತೀರಿಕೊಂಡರು. ಜೂನಿನಲ್ಲಿ ಫೀಸಿನ ಕೊನೆ ದಿನ.

ಗುಜರಿಯವನು ಕೆಜಿಗೆ 12 ರೂಪಾಯಿ ಅಂದ. ಮೈಸೂರಿನ ಗೆಳೆಯನೊಬ್ಬ, “ಹುಚ್ಚಾ, ಇದಕ್ಕೆಲ್ಲಾ ಈಗ ಗಿರಾಕಿ ಅವ್ರೆ ಕಣೋ” ಎಂದು ಗುಂಪಿಗೆ ಸೇರಿಸಿದ. ಜೊತೆಗೊಂದು ಬುದ್ಧಿ ಹೇಳಿದ: “ಹಿಂದ್ಗಡೆ ಪೆನ್ಸಿಲ್‌ನಲ್ಲಿ ಬರ್ದಿರೋ ಹೆಸ್ರು ಅಳಿಸ್ಬುಡು. ಕ್ಲೀನ್ ಇದ್ರೆ ಇನ್ನೂರು ಮುನ್ನೂರು ಜಾಸ್ತಿ ಬತ್ತದೆ.”

ಅಳಿಸಿದೆ. ಒಂದು ರಾತ್ರಿ ಕೂತು, ಎರಡು ರೂಪಾಯಿಯ ರಬ್ಬರಿನಲ್ಲಿ, ಲೈನ್ ಮನೆಯ ನೆಲದ ಮೇಲೆ, ಒಂದೊಂದೇ ಹೆಸರು. ಇವರಲ್ಲಿ ಅರ್ಧ ಜನ ಸತ್ತಿದ್ದಾರೆ. ಅವರು ಓದಿದ್ದರು ಎಂಬುದಕ್ಕೆ ಈ ಲೋಕದಲ್ಲಿ ಇದ್ದ ಒಂದೇ ರುಜುವಾತು ಅದು. ವೋಟರ್ ಲಿಸ್ಟಿನಲ್ಲಿ ಅವರ ಹೆಸರಿದೆ, ತೋಟದ ಮಸ್ಟರ್ ರೋಲಿನಲ್ಲಿ ಇದೆ, ಸಾಲದ ಪುಸ್ತಕದಲ್ಲಂತೂ ಇದ್ದೇ ಇದೆ. ಓದುಗರ ಪಟ್ಟಿಯಲ್ಲಿ ಇದ್ದದ್ದು ಇಲ್ಲಿ ಮಾತ್ರ. ಅದನ್ನು ಅವರದೇ ಜಾತಿಯ, ಅವರದೇ ಲೈನಿನ, ಮೊದಲ ಪದವೀಧರ ಅಳಿಸಿದ. ಇಂಕಿನ ಹೆಸರುಗಳು ಮಾತ್ರ ಹೋಗಲಿಲ್ಲ. ಆ ಪ್ರತಿಗಳಿಗೇ ಕಡಿಮೆ ರೇಟು ಬಿದ್ದದ್ದು.

ಇಷ್ಟರಲ್ಲಿ ಕೆಲವು ಸಭ್ಯರಿಗೆ ಕಣ್ಣೀರು ಬಂದಿರುತ್ತದೆ. “ಅಯ್ಯೋ, ಇಂಥ ಪರಂಪರೆಯನ್ನು ಮಾರಬಾರದಿತ್ತು” ಎನ್ನುತ್ತಾರೆ. ಅವರಿಗೆ ನನ್ನ ಸಿಟ್ಟಿನ ಮೊದಲ ಪಾಲು. ಸ್ವಾಮಿ, ನಿಮ್ಮ ತಾತನ ಕಾಗದಪತ್ರ ವಿಶ್ವವಿದ್ಯಾಲಯದ ಗಾಜಿನ ಬೀರುವಿನಲ್ಲಿ ಕೂತಿದೆ. ಯಾಕೆಂದರೆ ಅದನ್ನು ಕೇಳಿಕೊಂಡು ನಿಮ್ಮ ಮನೆ ಬಾಗಿಲಿಗೆ ಬಂದರು. ನಮ್ಮ ಲೈನ್ ಮನೆಗೆ ಯಾರು ಬಂದರು? ಗಾಂಧಿಯ ಕನ್ನಡಕ 2020ರಲ್ಲಿ ಇಂಗ್ಲೆಂಡಿನಲ್ಲಿ 2,60,000 ಪೌಂಡಿಗೆ ಹರಾಜಾದಾಗ ಪೇಪರುಗಳ ತುಂಬ ಸುದ್ದಿ. 2023ರಲ್ಲಿ ಟಿಪ್ಪುವಿನ ಖಡ್ಗ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋದಾಗಲೂ ಸುದ್ದಿ. ಮಹಾತ್ಮರದು, ಸುಲ್ತಾನರದು ಆದರೆ ದೇಶಕ್ಕೆ ದೇಶವೇ ನಿಟ್ಟುಸಿರು ಬಿಡುತ್ತದೆ. 50 ಪೈಸೆಯ ಪತ್ರಿಕೆ ಹೋದರೆ ಬಸ್‌ಸ್ಟ್ಯಾಂಡಿನ ನಾಯಿಯೂ ತಿರುಗಿ ನೋಡುವುದಿಲ್ಲ. ಬಡವ ತನ್ನ ಮನೆಯ ಕಾಗದ ಮಾರಿದರೆ ಅದು ಪಾಪವಲ್ಲ. ಇದ್ದವರು ಇಟ್ಟುಕೊಂಡರು, ಇಲ್ಲದವರು ಮಾರಿಕೊಂಡರು. ಹಸಿದವನಿಗೆ ಪರಂಪರೆಯ ಪಾಠ ಹೇಳಬೇಡಿ.

ಕಾನೂನು ನೋಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ವಿಗ್ರಹ ಮುಂತಾದವಕ್ಕೆ 100 ವರ್ಷ, ಹಸ್ತಪ್ರತಿ ದಾಖಲೆಗಳಿಗೆ 75 ವರ್ಷ ಆಗಿರಬೇಕು. ನಮ್ಮದಕ್ಕೆ 50 ತುಂಬುವ ಹೊತ್ತು. 75 ತುಂಬುವ ಹೊತ್ತಿಗೆ ಈ ನ್ಯೂಸ್‌ಪ್ರಿಂಟು ಪುಡಿಯಾಗಿರುತ್ತದೆ, ಆಮೇಲೆ ಕಾನೂನು ಬಂದು ಪುಡಿಯನ್ನು ಕಾಯಬಹುದು. ಅಚ್ಚಾದ ಪುಸ್ತಕದ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಕೆಲವು ದೊಡ್ಡ ಗ್ರಂಥಾಲಯಗಳಿಗೂ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. 1956ರಲ್ಲಿ ಅದಕ್ಕೆ ಪತ್ರಿಕೆಗಳನ್ನೂ ಸೇರಿಸಿದರು. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಹಿಂಬದಿ ಅಚ್ಚು ಹಾಕಿ, ರಿಜಿಸ್ಟರ್ ಮಾಡಿಸಲೂ ದುಡ್ಡಿಲ್ಲದೆ, ಮೂರು ಸಂಚಿಕೆಗೆ ನಿಂತುಹೋದ ಪತ್ರಿಕೆಯ ಸಂಪಾದಕ ಕಲ್ಕತ್ತೆಗೆ ಪಾರ್ಸೆಲ್ ಕಳಿಸುತ್ತಿದ್ದನೆ? ಅವನಿಗೆ ಮುಂದಿನ ಸಂಚಿಕೆಯ ಕಾಗದಕ್ಕೇ ಕಾಸಿರಲಿಲ್ಲ. ಇನ್ನು ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಮನೆ ಕಂದಾಯದ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಎತ್ತುತ್ತಾರೆ. ಆ ದುಡ್ಡಿನಲ್ಲಿ ಗ್ರಂಥಾಲಯಗಳು ಹೊಸ ಪುಸ್ತಕ ಕೊಳ್ಳುತ್ತವೆ, ಕೊಳ್ಳಲಿ. ಹಳೆಯ ಸಣ್ಣ ಪತ್ರಿಕೆಯನ್ನು ಮನೆಮನೆಯಿಂದ ನ್ಯಾಯವಾದ ಬೆಲೆಗೆ ಕೊಳ್ಳುವ ಬಾಬ್ತು ಒಂದು ಇದ್ದಿದ್ದರೆ ನಾನು ರಾತ್ರಿ 10ರ ಹರಾಜಿಗೆ ಹೋಗುತ್ತಿರಲಿಲ್ಲ.

ಹೀಗಾಗುವುದು ಹಣೆಬರಹವೇನಲ್ಲ. ಅಂಬೇಡ್ಕರ್ 1920ರ ಜನವರಿ 31ರಂದು ಬೊಂಬಾಯಿಯಲ್ಲಿ ‘ಮೂಕನಾಯಕ’ ಶುರು ಮಾಡಿದರು. ಕೊಲ್ಲಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ಅದರ ಜಾಹೀರಾತನ್ನು ದುಡ್ಡು ಕೊಡುತ್ತೇವೆಂದರೂ ‘ಕೇಸರಿ’ ಹಾಕಲಿಲ್ಲ. ಅಂಥ ‘ಮೂಕನಾಯಕ’ವನ್ನೂ 1927ರ ‘ಬಹಿಷ್ಕೃತ ಭಾರತ’ವನ್ನೂ ಮಹಾರಾಷ್ಟ್ರ ಸರ್ಕಾರ ಸಂಪುಟ ಮಾಡಿ ಮರುಮುದ್ರಿಸಿತು. ಸರ್ಕಾರ ತಾನಾಗಿ ಕಣ್ಣುಬಿಟ್ಟಿತು ಅನ್ನುವುದು ಬೇಡ, ಜನ ಬಿಡಿಸಿದರು. ಇವತ್ತು ಮರಾಠಿ ಬಲ್ಲ ಕೂಲಿಯ ಮಗಳು ಅದನ್ನು ಓದಬಹುದು, ಯಾವ ಸಂಗ್ರಾಹಕನ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ನೆನಪು, ನಮ್ಮ ಊರಿನ ಪಕ್ಕದ್ದೇ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದು. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ, ಅವನ ಫೋಟೋಗೆ ಹಾರ, ಭಾಷಣ. ಅದೇ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು, ಸಿದ್ದಾಪುರಕ್ಕೆ ಹತ್ತಿರದ ಅಮ್ಮತ್ತಿ ಕಡೆಯ ಆನಂದಪುರದಲ್ಲಿ ಜೀತದ ಹೊಲೆಯರಿಗೆ ನೆಲೆ ಮಾಡಿಕೊಟ್ಟ. ಮಿಷನ್ನಿನ ಉದ್ದೇಶ ಏನಿತ್ತೆಂಬ ಜಗಳ ಬೇರೆ ದಿನಕ್ಕಿರಲಿ. ನಾನು ಹೇಳುವುದು ಇಷ್ಟು. ಕನ್ನಡದ ಮೊದಲ ಪತ್ರಿಕೆ ಮಾಡಿದವನು ನಮ್ಮ ಜನರ ಗುಡಿಸಲಿನ ನಡುವೆ ಓಡಾಡಿದ್ದ. ಆದರೂ ಜುಲೈ 1ರ ಭಾಷಣಗಳಲ್ಲಿ ಕನ್ನಡ ಪತ್ರಿಕೆಯ ಕತೆ ಹೇಳುವಾಗ ನಮ್ಮ ಜನ ಸ್ವತಃ ಮಾಡಿದ ಪತ್ರಿಕೆಗಳಿಗೆ ಸಿಗುವುದು ಅರ್ಧ ವಾಕ್ಯ. ಕತೆಯಲ್ಲಿ ಇಲ್ಲದ್ದು ಗ್ರಂಥಾಲಯಕ್ಕೂ ಬೇಡ. ಗ್ರಂಥಾಲಯಕ್ಕೆ ಬೇಡವಾದದ್ದು ಗುಜರಿಗೆ, ಇಲ್ಲವೆ ಹರಾಜಿಗೆ.

ಈಗ ಸಂಗ್ರಾಹಕ ಮಹಾಶಯರ ಸರದಿ. ಅವರನ್ನು ಒಟ್ಟಾರೆ ಬೈಯಲು ನನಗೆ ಬಾಯಿ ಬರುವುದಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂತವರು, ಅವರ ಹತ್ತಿರ ಹೋಗಿ ಕೈ ಮಸಿ ಮಾಡಿಕೊಂಡು ಹುಡುಕುವವರು ಇಲ್ಲದಿದ್ದರೆ ಎಷ್ಟೋ ಪತ್ರಿಕೆಗಳು ಕಾಗದದ ಮಿಲ್ಲಿನ ಹೊಂಡಕ್ಕೆ ಬಿದ್ದಿರುತ್ತಿದ್ದವು. ಅಂಥವರಲ್ಲಿ ಓದುವವರಿದ್ದಾರೆ, ಕೇಳಿದರೆ ಜೆರಾಕ್ಸ್ ಮಾಡಿಸಿ ಕೊಡುವವರಿದ್ದಾರೆ. ನನ್ನ ಜಗಳ ಸೀಲು ಹಾಕುವವರ ಜೊತೆ. ಅಮೆರಿಕದಲ್ಲಿ ಹಳೇ ಕಾಮಿಕ್ಸ್ ಪುಸ್ತಕಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚುತ್ತಾರೆ. ಒಡೆದು ಓದಿದರೆ ಅಂಕ ರದ್ದು. 1938ರಲ್ಲಿ 10 ಸೆಂಟಿಗೆ ಮಾರಿದ ಸೂಪರ್‌ಮ್ಯಾನ್‌ನ ಮೊದಲ ಸಂಚಿಕೆ ಹಾಗೆ ಮುಚ್ಚಿಕೊಂಡೇ 2024ರ ಏಪ್ರಿಲಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಅದನ್ನು ನೋಡಿ ನಮ್ಮವರಿಗೂ ಆಸೆ. ಸೂಪರ್‌ಮ್ಯಾನ್ ಕತೆ ಬೇರೆ ಕಡೆ ನೂರು ಸಲ ಅಚ್ಚಾಗಿದೆ, ಅದನ್ನು ಮುಚ್ಚಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ನಮ್ಮದು ಹಾಗಲ್ಲ. 500 ಪ್ರತಿ ಅಚ್ಚಾಗಿ, ಈಗ ಐದೋ ಆರೋ ಉಳಿದಿರುವ ಪತ್ರಿಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೆ ಅದರೊಳಗಿನ ಮನುಷ್ಯರನ್ನೇ ಮುಚ್ಚಿದ ಹಾಗೆ. ಓದುವವರು ಕಡಿಮೆಯಾದಷ್ಟೂ ಬೆಲೆ ಏರುವ ವ್ಯಾಪಾರ ಇದು. ಅಕ್ಷರವನ್ನು ನಮ್ಮಿಂದ ಬಚ್ಚಿಟ್ಟವರನ್ನು ನಾವು ಸಾವಿರಾರು ವರ್ಷ ನೋಡಿದ್ದೇವೆ. ಅವರ ಕೈಯಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟು ಸಿಟ್ಟು ಯಾಕೆ ಬಂತು ಎಂದು ಕೇಳಿ. 2024ರ ಫೆಬ್ರವರಿಯಲ್ಲಿ ದೊಡ್ಡಪ್ಪನ ವರ್ಷದ ನೆನಪಿಗೆ ವಿರಾಜಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು, ದೊಡ್ಡಪ್ಪನ ಕಾಲದ ಸಂಗಾತಿ. ಊಟ ಮಾಡುತ್ತಾ ಹೇಳಿದರು: “ನಿಮ್ಮ ದೊಡ್ಡಪ್ಪ ಬರೆದ ಕಾಗದ ಓದಿದ್ದೀಯೇನಪ್ಪಾ? ಲೈನ್ ಮನೆಗೆ ಕಕ್ಕಸು ಇಲ್ಲ, ಹೆಂಗಸರು ಕತ್ತಲಾಗೋ ತನಕ ಕಾಯಬೇಕು ಅಂತ ಬರೆದಿದ್ದ. ಹೆಸರು ಹಾಕಿರಲಿಲ್ಲ. ಹಾಕಿದ್ದರೆ ಮನೆ ಖಾಲಿ ಮಾಡಿಸುತ್ತಿದ್ದರು. ‘ಒಬ್ಬ ಕೂಲಿ, ಸಿದ್ದಾಪುರ’ ಅಂತಿತ್ತು. ಓದುಗರ ಓಲೆಯಲ್ಲಿ ಬಂದಿತ್ತು.” ಯಾವ ವರ್ಷ, ಯಾವ ತಿಂಗಳು ಎಂದು ಕೇಳಿದೆ. ಮೇಷ್ಟ್ರಿಗೆ ನೆನಪಿತ್ತು. ಮಳೆಗಾಲದ ಸಂಚಿಕೆ, ಮುಖಪುಟದಲ್ಲಿ ಸಂಕೋಲೆಯ ಚಿತ್ರ.

ಎದೆ ಧಸಕ್ಕೆಂದಿತು. ಸಂಕೋಲೆಯ ಚಿತ್ರದ ಸಂಚಿಕೆಯ ಫೋಟೋ ನನ್ನ ಮೊಬೈಲಿನಲ್ಲಿದೆ. ಮುಖಪುಟ ಮಾತ್ರ. ಅದನ್ನು ನಾನು 700 ರೂಪಾಯಿಗೆ ಮಾರಿದ್ದೆ.

ಓದದೆ ಮಾರಿದ್ದೆ, ಗೆಳೆಯರೇ. ಕವಿ ಎಂದು ಹೇಳಿಕೊಳ್ಳುವವನು. ವೇದಿಕೆ ಮೇಲೆ ನಿಂತು ಅಕ್ಷರದ ಮೇಲೆ ಪದ್ಯ ಓದಿ ಚಪ್ಪಾಳೆ ತೆಗೆದುಕೊಂಡವನು. 14 ಸಂಚಿಕೆಗಳ ಹುಳು, ತುಕ್ಕು, ಕರೆ ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ, ಒಳಗಿನ ಒಂದು ಸಾಲು ಓದಲಿಲ್ಲ. ಹರಾಜು ನನ್ನ ಕಣ್ಣನ್ನೇ ಬದಲಾಯಿಸಿತ್ತು, ಪತ್ರಿಕೆಯನ್ನು ನೋಡಲು ಕಲಿಸಿ ಓದುವುದನ್ನು ಮರೆಸಿತ್ತು.

ಕೊಂಡವರಿಗೆ ಮೆಸೇಜು ಹಾಕಿದೆ. ಬೆಂಗಳೂರಿನವರು. ಒಳ್ಳೆಯ ಮಾತಿನ ಮನುಷ್ಯ. ಆ ಒಂದು ಪುಟದ ಫೋಟೋ ತೆಗೆದು ಕಳಿಸಿ ಸಾರ್, ನಮ್ಮ ದೊಡ್ಡಪ್ಪನ ಬರಹ ಅದು ಎಂದು ಕೇಳಿಕೊಂಡೆ. ಸೀಲ್ ಮಾಡಿಸಿದ್ದೇನೆ, ಬಿಚ್ಚಿದರೆ ಪಿನ್ನಿನ ಹತ್ತಿರ ಹರಿಯುತ್ತದೆ, ವ್ಯಾಲ್ಯೂ ಹೋಗುತ್ತದೆ ಎಂದರು. ಎರಡು ದಿನ ಬಿಟ್ಟು ಮತ್ತೆ ಕೇಳಿದೆ. ಆಗ ಬಂದ ಉತ್ತರ: “ನೀವೇ ಅಲ್ವಾ ಮಾರಿದ್ದು?”

ಹೌದು, ನಾನೇ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಆದರೆ ಒಂದು ಮಾತು ಅವರಿಗೂ ಗೊತ್ತಿರಲಿ. ಮಾರಿದ್ದು ಕಾಗದ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವನ ಹಕ್ಕು ಅವನು ಬದುಕಿರುವಷ್ಟು ಕಾಲ, ಸತ್ತ ಮೇಲೆ 60 ವರ್ಷ ಅವನದು, ಅವನ ವಾರಸುದಾರರದು. ಕಾಗದ ಕೊಂಡ ಮಾತ್ರಕ್ಕೆ ಅಕ್ಷರದ ಒಡೆತನ ಬರುವುದಿಲ್ಲ. ಇದು ಕೋರ್ಟಿಗೆ ಹೋಗುತ್ತೇನೆಂಬ ಬೆದರಿಕೆಯಲ್ಲ. ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ನನಗಿದ್ದಿದ್ದರೆ ಪತ್ರಿಕೆ ಮಾರುವ ಗತಿಯೇ ಬರುತ್ತಿರಲಿಲ್ಲ.

ಕೊನೆಗೆ ನಮ್ಮವರು. ಬಿಡುತ್ತೇನೆಂದುಕೊಂಡಿರಾ? ದೊಡ್ಡಪ್ಪನ ಟ್ರಂಕಿನಿಂದ ಪ್ರವಾಹಕ್ಕಿಂತ ಮೊದಲೇ ಮಾಯವಾದ ಸಂಚಿಕೆಗಳಿವೆ. ಪಿಎಚ್‌ಡಿ ಮಾಡುತ್ತೇನೆಂದು ಒಯ್ದವರು, ಸ್ಮರಣ ಸಂಚಿಕೆ ತರುತ್ತೇನೆಂದು ಒಯ್ದವರು. ಡಾಕ್ಟರು ಆದರು, ಪ್ರೊಫೆಸರು ಆದರು, ಪತ್ರಿಕೆ ವಾಪಸು ಬರಲಿಲ್ಲ. ಅವರ ಹೆಸರಿನ ಮುಂದೆ ದೊಡ್ಡಪ್ಪ ಗೀಟು ಎಳೆಯದೆ ಜಾಗ ಖಾಲಿ ಬಿಟ್ಟಿದ್ದರು. ಆ ಹೆಸರುಗಳು ಇಂಕಿನಲ್ಲಿವೆ. ನಾನು ಅಳಿಸಲಾಗದೇ ಹೋದವು ಅವೇ. ಸಂಘಟನೆ ಒಡೆದಾಗ ಬ್ಯಾನರು, ಲೆಟರ್‌ಹೆಡ್ಡು ಯಾರಿಗೆ ಸೇರಬೇಕು ಎಂದು ಬಡಿದಾಡಿದ ನಾಯಕರು ಹಳೇ ಪತ್ರಿಕೆಯ ಕಟ್ಟು ಯಾರ ಮನೆಯಲ್ಲಿದೆ ಎಂದು ಒಮ್ಮೆಯಾದರೂ ಕೇಳಿದರೆ?

ಆದದ್ದಾಯಿತು. 23 ಸಂಚಿಕೆ ನನ್ನ ಹತ್ತಿರ ಉಳಿದಿವೆ. ಪ್ರತಿ ಭಾನುವಾರ ಬಾಗಿಲ ಹತ್ತಿರ ಬೆಳಕಿಗೆ ಹಿಡಿದು, ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೇನೆ. ಕರೆಗಳನ್ನೂ, ಹೆಸರುಗಳಿರುವ ಹಿಂಬದಿಯನ್ನೂ ಬಿಡದೆ. ರಬ್ಬರಿನಲ್ಲಿ ಅಳಿಸಿದ ಹೆಸರುಗಳನ್ನು ಅವ್ವನನ್ನೂ ಲೈನಿನ ಮುದುಕರನ್ನೂ ಕೇಳಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ, ಇದುವರೆಗೆ 31 ಸಿಕ್ಕಿವೆ. ಬೆಂಗಳೂರಿನಲ್ಲಿ ಕನ್ನಡದ ಹಳೇ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಗ್ರಂಥಾಲಯಕ್ಕೆ ಏರಿಸುವ ಗೆಳೆಯರಿದ್ದಾರೆ. ಬರೆದವರಲ್ಲಿ ಬದುಕಿರುವವರನ್ನು ಹುಡುಕಿ ಒಪ್ಪಿಗೆ ಕೇಳಬೇಕು. ಅವರಿಗೂ ವಯಸ್ಸಾಗಿದೆ, ತಡ ಮಾಡುವ ಹಾಗಿಲ್ಲ. ಮೇಷ್ಟ್ರುಗಳೇ, 2019ರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದಿವೆ, ಅರಿವು ಕೇಂದ್ರ ಎಂದು ಬೋರ್ಡು ಬಿದ್ದಿದೆ. ಅಲ್ಲಿ ಕಂಪ್ಯೂಟರಿದ್ದರೆ ಅದರಲ್ಲಿ ನಿಮ್ಮೂರಿನ ಹಳೇ ಪತ್ರಿಕೆಯ ಫೋಟೋಗಳಿಗೂ ಒಂದು ಜಾಗ ಕೇಳಿ. ಯಾರಿಗಾದರೂ ಮಾರಲೇಬೇಕಾದ ಕಷ್ಟ ಬಂದರೆ ಮಾರಿ, ನಾಚಿಕೊಳ್ಳಬೇಡಿ. ಆದರೆ ಒಂದು ರಾತ್ರಿ ತಡೆಯಿರಿ. ಮೊದಲು ಓದಿ, ಆಮೇಲೆ ಎಲ್ಲ ಪುಟಗಳ ಫೋಟೋ ತೆಗೆಯಿರಿ, ಆಮೇಲೆ ಮಾರಿ. ಹೆಸರು ಅಳಿಸಬೇಡಿ. ಇನ್ನೂರು ಮುನ್ನೂರು ಕಡಿಮೆ ಬಂದರೆ ಬರಲಿ.

ಸಂಕೋಲೆಯ ಚಿತ್ರದ ಸಂಚಿಕೆ ಯಾರ ಮನೆಯಲ್ಲಾದರೂ ಇದ್ದರೆ ಓದುಗರ ಓಲೆಯ ಪುಟದ ಒಂದು ಫೋಟೋ ಈ ಪತ್ರಿಕೆಯ ಸಂಪಾದಕರಿಗೆ ಕಳಿಸಿ, ನನಗೆ ತಲುಪುತ್ತದೆ. ನಾನು ಮಾರಿದ ಪ್ರತಿ ಮೊನ್ನೆ ಅದೇ ಗುಂಪಿನಲ್ಲಿ ಮತ್ತೆ ಹರಾಜಿಗೆ ಬಂದಿತ್ತು. ಸೀಲ್ಡ್, ಕ್ಲೀನ್ ಕಾಪಿ, ಮೂಲ ಬೆಲೆ 1,500. ನನ್ನ ಹತ್ತಿರ 1,200 ಇತ್ತು. ರಾತ್ರಿ 10ಕ್ಕೆ ಎರಡು ನಿಮಿಷ ಇರುವಾಗ ಮೊಬೈಲು ನಡುಗಲು ಶುರುವಾಯಿತು. ಬಾಗಿಲಲ್ಲಿ ನಿಂತು ನೋಡಿದೆ. ಅವ್ವ ಒಳಗಿನಿಂದ, “ಎಷ್ಟಕ್ಕೋಯ್ತು ಮಗ?” ಎಂದು ಕೇಳಿದಳು. 3,200 ಎಂದೆ.